ದೀಪ ಹಿಡಿದವಳು, ಕಲ್ಲಿದ್ದಲು ಹೊತ್ತವರು

ಕುಬಿಹಾಳದ ನಮ್ಮ ಮನೆಯ ಗೋಡೆಯ ಮೇಲೆ ಎರಡು ಚಿತ್ರಗಳಿವೆ. ಒಂದು ಬಾಬಾಸಾಹೇಬರದು. ಇನ್ನೊಂದು ದೀಪ ಹಿಡಿದು ನಿಂತ ಒಬ್ಬ ಹೆಣ್ಣುಮಗಳದು. ಎರಡನೆಯದನ್ನು ನಾವು ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ಮೈಸೂರಿನ ಫುಟ್‌ಪಾತಿನಲ್ಲಿ ಕೊಂಡು, ಸುತ್ತಿ ಹಿಡಿದುಕೊಂಡು, ಬಸ್ಸಿನಲ್ಲಿ ರಾತ್ರಿಯೆಲ್ಲ ಕಾಯ್ದುಕೊಂಡು ಬಂದದ್ದು. ಮೂಲ ಚಿತ್ರ ಅಲ್ಲಿಯ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿದೆ. ಸಾಲು ಹಚ್ಚಿ ಒಳಗೆ ಹೋದಾಗ ಸುತ್ತ ಮಬ್ಬು. ಆ ಮಬ್ಬಿನಲ್ಲಿ ಆಕೆಯ ಮುಖಕ್ಕೆ ನಿಜವಾಗಿಯೂ ದೀಪ ಹಚ್ಚಿಟ್ಟಿದ್ದಾರೋ ಏನೋ ಅನ್ನಿಸಿ, ನಮ್ಮ ಪೈಕಿ ಒಬ್ಬ ಬಗ್ಗಿ ಚೌಕಟ್ಟಿನ ಹಿಂದೆ ಬಲ್ಬು ಹುಡುಕಿದ್ದ. ಹಿಂದಿನಿಂದ ಮಾಸ್ತರರು ಬೆನ್ನಿಗೆ ಗುದ್ದಿ, 'ರವಿವರ್ಮಂದು, ನೋಡಿ ಮುಂದ ನಡೀರಿ' ಅಂದರು. ನಡೆದೆವು.

ಅದು ರವಿವರ್ಮನದಲ್ಲ. ಇದನ್ನು ತಿಳಿಯಲಿಕ್ಕೆ ನಮಗೆ ಬಿ.ಎ. ಮುಗಿಯಬೇಕಾಯಿತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1945-46ರ ಸುಮಾರಿನದು. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಲಿತು, ಅಲ್ಲಿಯೇ 1908ರಲ್ಲಿ ಒಂದು ಚಿತ್ರಶಾಲೆ ತೆರೆದ ಎಸ್.ಎಲ್. ಹಳದನಕರ್. ಎದುರಿಗೆ ದೀಪ ಹಿಡಿದು ನಿಂತವರು ಅವರ ಸ್ವಂತ ಮಗಳು ಗೀತಾ. ಆ ಹೆಣ್ಣುಮಗಳು ನೂರು ವರ್ಷ ದಾಟಿ ಬದುಕಿ 2018ರಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡರು. ದೇಶದ ತುಂಬ ಕ್ಯಾಲೆಂಡರುಗಳಲ್ಲಿ, ಫ್ರೇಮಿನ ಅಂಗಡಿಗಳಲ್ಲಿ ಆ ಮುಖವಿತ್ತು. ಹೆಸರು ಮಾತ್ರ ಬಹಳ ಮಂದಿಗೆ ಗೊತ್ತಿರಲಿಲ್ಲ. ಬರೆದವನ ಹೆಸರೂ ಹೋಯಿತು, ನಿಂತವಳ ಹೆಸರೂ ಹೋಯಿತು, ಒಬ್ಬ ರಾಜಮನೆತನದ ಕಲಾವಿದನ ಹೆಸರು ಮಾತ್ರ ಅದಕ್ಕೆ ಬಂದು ಅಂಟಿಕೊಂಡಿತು. ದೊಡ್ಡ ಹೆಸರಿನ ಗುಣವೇ ಹಾಗೆ, ಸುತ್ತಲಿನ ಸಣ್ಣ ಹೆಸರುಗಳನ್ನು ನುಂಗಿಕೊಂಡು ಕೂಡುತ್ತದೆ.

ಇರಲಿ. ಈ ಲೇಖನ ಬರೆಯಲಿಕ್ಕೆ ಹಚ್ಚಿದ್ದು ನಮ್ಮವ್ವ. ಆಕೆ ಅಕ್ಷರ ಕಲಿತವಳಲ್ಲ. ಇಷ್ಟು ವರ್ಷ ಆ ಚಿತ್ರದ ಕೆಳಗೇ ಒಲೆ ಹಚ್ಚಿದ್ದಾಳೆ. ಹೋದ ಸುಗ್ಗಿಯಲ್ಲಿ ಒಂದು ಸಂಜೆ ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ ಕೇಳಿದಳು: 'ಅಲ್ಲೋ ತಮ್ಮಾ, ಈಕಿ ದೀಪಾ ಹಿಡಕೊಂಡು ನಿಂತಾಳ. ಎಲ್ಲಿಗೆ ಹೊಂಟಾಳ?'

ನಾವು ಉತ್ತರ ಹೇಳಲಿಲ್ಲ. ಉತ್ತರ ಇರಲಿಲ್ಲ.

ಅವ್ವನ ಪ್ರಶ್ನೆಯನ್ನು ಕಲೆಯ ಭಾಷೆಗೆ ತಂದರೆ ಹೀಗಾಗುತ್ತದೆ: ಈ ಚಿತ್ರದಲ್ಲಿ ಬೆಳಕಿದೆ, ಚಲನೆ ಇದೆಯೇ? ದೀಪ ಹಿಡಿದವರು ನಮ್ಮ ಕಡೆ ನಿಲ್ಲುವುದಿಲ್ಲ. ದನದ ಕೊಟ್ಟಿಗೆಗೆ ಹೋಗುತ್ತಾರೆ, ಹಿತ್ತಲಿಗೆ ಹೋಗುತ್ತಾರೆ, ಹೆರಿಗೆ ಬ್ಯಾನಿ ಎದ್ದವಳ ಮನೆಗೆ ಹೋಗುತ್ತಾರೆ. ಕಂದೀಲು ಕೈಯಲ್ಲಿ ಬಂತೆಂದರೆ ಕಾಲು ನಡೆಯುತ್ತಿದೆ ಅಂತಲೇ ಅರ್ಥ. ಈಕೆ ಎಲ್ಲಿಗೂ ಹೋಗುತ್ತಿಲ್ಲ. ದೀಪವನ್ನು ಬೆಳಕಿಗಾಗಿ ಹಿಡಿದಿಲ್ಲ, ತನ್ನನ್ನು ನಾವು ನೋಡಲೆಂದು ಹಿಡಿದಿದ್ದಾಳೆ. ದೀಪಾವಳಿಯ ಸಂಜೆ ಮಗಳು ದೀಪ ಹಿಡಿದದ್ದನ್ನು ಕಂಡು ಅಪ್ಪ ಹಾಗೆಯೇ ನಿಲ್ಲಿಸಿ ಬರೆದರು ಎನ್ನುತ್ತಾರೆ. ಅದು ಒಪ್ಪುವ ಮಾತು. ಚಿತ್ರದ ಮೈಯಲ್ಲೆಲ್ಲ 'ಅಲುಗಬೇಡ' ಎಂಬ ಆ ಅಪ್ಪನ ಮಾತು ಕೇಳುತ್ತದೆ.

ಹಾಗಂತ ಕಸುಬಿನ ದೊಡ್ಡತನವನ್ನು ನಾವು ಅಲ್ಲಗಳೆಯುವುದಿಲ್ಲ. ಸಂಘಟನೆಯ ಕೆಲವು ಗೆಳೆಯರಿಗೆ ಒಂದು ಚಟವಿದೆ. ರೇಷ್ಮೆ ಸೀರೆ ಕಂಡ ಕೂಡಲೇ 'ಊಳಿಗಮಾನ್ಯ' ಅಂದು ಪುಟ ತಿರುವಿ ಹಾಕುತ್ತಾರೆ. ಅದು ವಿಮರ್ಶೆಯಲ್ಲ, ಸೋಮಾರಿತನ. ಈ ಚಿತ್ರ ಎಣ್ಣೆಬಣ್ಣದ್ದು ಅಂತ ಬಹಳ ಜನ ತಿಳಿದಿದ್ದಾರೆ, ಇದು ಜಲವರ್ಣ. ಎಣ್ಣೆಬಣ್ಣದಲ್ಲಿ ತಪ್ಪಾದರೆ ಕೆರೆದು ಮತ್ತೆ ಹಚ್ಚಬಹುದು, ಕಪ್ಪಿನ ಮೇಲೆ ಬಿಳಿ ಮೆತ್ತಿ ಬೆಳಕು ತರಬಹುದು. ನೀರುಬಣ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳಿ. ಎಲ್ಲಿ ಬೆಳಕು ಬೇಕೋ ಅಲ್ಲಿ ಮೊದಲೇ ಕೈ ಬಿಗಿಹಿಡಿದು ಬಣ್ಣ ತೆಳುವಾಗಿ ಬಿಡಬೇಕು, ಸುತ್ತ ಕತ್ತಲೆಯನ್ನು ಪದರು ಪದರಾಗಿ ಕಟ್ಟುತ್ತ ಬರಬೇಕು. ಇಷ್ಟು ದೊಡ್ಡ ಕತ್ತಲನ್ನು ನೀರಿನಲ್ಲಿ ಕಲಸಿ, ಕಲೆ ಬೀಳದಂತೆ, ಕಾಗದ ಕೆಡದಂತೆ ಹಚ್ಚುವುದು ಸಣ್ಣ ಮಾತಲ್ಲ. ಅದರಲ್ಲೂ ಆ ಕೈ! ಜ್ಯೋತಿಗೆ ಗಾಳಿ ತಾಗದಂತೆ ಅಡ್ಡ ಹಿಡಿದ ಕೈಯ ಬೆರಳುಗಳೊಳಗಿಂದ ಬೆಳಕು ಕೆಂಪಗೆ ತೂರಿಬರುತ್ತದೆ. ಇಡೀ ಚಿತ್ರದಲ್ಲಿ ಕೆಲಸ ಮಾಡುತ್ತಿರುವುದು ಅದೊಂದೇ ಅಂಗ. ಅವ್ವ ಮೆಚ್ಚಿದ್ದೂ ಆ ಕೈಯನ್ನೇ. 'ಗಾಳಿ ಐತಿ ನೋಡಲ್ಲಿ' ಅಂದಳು.

ಕಾಗದದ ಮೇಲೆ ಎಲ್ಲೂ ಬರೆಯದ ಗಾಳಿಯನ್ನು ಒಂದು ಕೈ ತೋರಿಸಿಬಿಟ್ಟಿತು. ಹಳದನಕರರ ಜಾಣತನ ಅಲ್ಲಿದೆ. ಆದರೆ ಆ ಬೆಳಕು ಬೆರಳಿನಿಂದ ಮುಖಕ್ಕೆ, ಮುಖದಿಂದ ಸೀರೆಗೆ ಬಂದು ಅಲ್ಲಿಗೆ ಮುಗಿಯುತ್ತದೆ. ಮನೆಯನ್ನು ತೋರಿಸುವುದಿಲ್ಲ, ನೆಲವನ್ನು ತೋರಿಸುವುದಿಲ್ಲ, ಹಿಂದೆ ಯಾರಾದರೂ ನಿಂತಿದ್ದರೆ ಅವರನ್ನು ತೋರಿಸುವುದಿಲ್ಲ. ಒಬ್ಬರನ್ನು ಬೆಳಗಲಿಕ್ಕೆ ಉಳಿದ ಲೋಕವನ್ನೆಲ್ಲ ಕತ್ತಲಿಗೆ ತಳ್ಳಬೇಕಾದ ಬೆಳಕು ಅದು. ನಮ್ಮ ತಕರಾರು ಇರುವುದು ಇಲ್ಲಿ.

ಇದಕ್ಕೆ ಎದುರಾಗಿ ಬೇರೆ ಬೆಳಕು ಇದ್ದೀತೇ ಎಂದು ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು ಫ್ರಾನ್ಸಿನ ಇಂಪ್ರೆಷನಿಸ್ಟರು. ಅವರ ವಿಷಯ ಪಠ್ಯಪುಸ್ತಕದಲ್ಲಿ ಎರಡು ಸಾಲು ಓದಿ ಪರೀಕ್ಷೆ ಬರೆದವರು ನಾವು. ನೀರು, ಹೂವು, ಛತ್ರಿ ಹಿಡಿದ ಹೆಂಗಸರು, ದೋಣಿ ವಿಹಾರ. ಹೊಟ್ಟೆ ತುಂಬಿದವರ ಚಿತ್ರಗಳು ಎಂದು ನಾವೂ ಬದಿಗಿಟ್ಟಿದ್ದೆವು. ಅದು ಅರ್ಧ ಸತ್ಯ. ಉಳಿದರ್ಧ ಸ್ವಲ್ಪ ಕೇಳಿ.

1874ರ ಏಪ್ರಿಲಿನಲ್ಲಿ ಪ್ಯಾರಿಸಿನಲ್ಲಿ ಮೂವತ್ತು ಕಲಾವಿದರು ಸರಕಾರಿ ಪ್ರದರ್ಶನದ ಹಂಗು ತೊರೆದು, ನಾದಾರ್ ಎಂಬ ಫೋಟೋಗ್ರಾಫರನ ಹಳೆಯ ಸ್ಟುಡಿಯೋದಲ್ಲಿ ತಮ್ಮದೇ ಪ್ರದರ್ಶನ ಹೂಡಿದರು. ನಮ್ಮ ಸಣ್ಣ ಪತ್ರಿಕೆಗಳು ಹುಟ್ಟಿದ್ದೂ ಹೀಗೆಯೇ ಅಲ್ಲವೇ? ಒಳಗೆ ಬಿಡದವರ ಬಾಗಿಲು ಬಡಿಯುವುದನ್ನು ಬಿಟ್ಟು, ಚಂದಾ ಎತ್ತಿ, ಬಾಡಿಗೆಯ ಖೋಲಿಯಲ್ಲಿ. ಅಲ್ಲಿ ಕ್ಲಾದ್ ಮೊನೆ ಎಂಬಾತ 1872ರಲ್ಲಿ ಲ ಹಾವ್ರ್ ಬಂದರಿನಲ್ಲಿ ಬರೆದ ಸೂರ್ಯೋದಯದ ಚಿತ್ರವಿತ್ತು. ಅದಕ್ಕೆ 'ಇಂಪ್ರೆಷನ್' ಅಂತ ಹೆಸರು ಕೊಟ್ಟಿದ್ದ, ಅಂದರೆ ಕಣ್ಣಿಗೆ ಬಿದ್ದ ಛಾಪು. ಲೂಯಿ ಲರ್ವಾ ಎಂಬ ವಿಮರ್ಶಕ ಆ ಹೆಸರನ್ನೇ ಹಿಡಿದು ಇಡೀ ಗುಂಪನ್ನು ಗೇಲಿ ಮಾಡಿದ, ಗೋಡೆಗೆ ಅಂಟಿಸುವ ಕಾಗದ ಇದಕ್ಕಿಂತ ಮೇಲು ಎಂದ. ಬಯ್ಗುಳವೇ ಅವರ ಹೆಸರಾಯಿತು. ಬಯ್ಯಲಿಕ್ಕೆ ಬಳಸಿದ ಹೆಸರನ್ನು ಎದೆಗೆ ಹಚ್ಚಿಕೊಂಡು ನಡೆಯುವುದು ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಸೂರ್ಯೋದಯದ ಬಗ್ಗೆ ಒಂದು ಮಾತು. ಕೆಂಪು ಕಿತ್ತಳೆಯ ಸೂರ್ಯ ಉರಿಯುವಂತೆ ಕಾಣುತ್ತಾನೆ. ಅದೇ ಚಿತ್ರವನ್ನು ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ ನೋಡಿ, ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ! ಯಾಕೆಂದರೆ ಆತ ಸುತ್ತಲಿನ ಆಕಾಶಕ್ಕಿಂತ ಹೆಚ್ಚು ಬೆಳಗಿಲ್ಲ. ಸುತ್ತಲಿನ ನೀಲಿ ಬೂದಿಯ ನಡುವೆ ಬೇರೆ ಬಣ್ಣದವನಾಗಿ ಕೂತಿದ್ದಾನೆ, ಅಷ್ಟೇ. ನಾವು ಇದನ್ನು ಮಾಡಿ ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಹಳದನಕರರ ಬೆಳಕಿಗೆ ಕತ್ತಲೆ ಬೇಕು. ಮೊನೆಯ ಬೆಳಕಿಗೆ ಕತ್ತಲೆ ಬೇಡ, ನೆರೆಯ ಬಣ್ಣ ಸಾಕು.

ಈ ನೆರೆಬಣ್ಣದ ಗುಟ್ಟನ್ನು ಮೊದಲು ಬಿಡಿಸಿದ್ದು ಕಲಾವಿದರಲ್ಲ, ಬಣ್ಣಗಾರರ ಮನೆಯ ಒಬ್ಬ ರಸಾಯನ ಶಾಸ್ತ್ರಜ್ಞ. ಪ್ಯಾರಿಸಿನ ಗೋಬ್ಲಾಂ ನೇಕಾರಿಕೆಯ ಕಾರಖಾನೆಯಲ್ಲಿ ಶೆವ್ರಲ್ ಎಂಬಾತ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ. ಕರಿ ನೂಲು ಸರಿಯಾಗಿ ಕರಿ ಕಾಣುತ್ತಿಲ್ಲ, ಬಣ್ಣ ಕೆಟ್ಟಿದೆ ಎಂದು ದೂರು ಬಂತು. ಆತ ಪರೀಕ್ಷಿಸಿ ನೋಡಿದ. ಬಣ್ಣದ್ದೇನೂ ತಪ್ಪಿರಲಿಲ್ಲ. ಆ ಕರಿ ನೂಲನ್ನು ನೀಲಿಯ ಪಕ್ಕ, ನೇರಳೆಯ ಪಕ್ಕ ನೇಯ್ದಿದ್ದರು. ಪಕ್ಕದ ಬಣ್ಣ ಅದರ ಕಳೆ ತೆಗೆದಿತ್ತು. 1839ರಲ್ಲಿ ಇದನ್ನೇ ದೊಡ್ಡ ಪುಸ್ತಕ ಮಾಡಿದ. ಕರಿ ಬಣ್ಣ ತನ್ನಷ್ಟಕ್ಕೆ ತಾನೇ ಹೀಗೆ ಅಂತ ಇರುವುದಿಲ್ಲ, ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲಿದೆ. ಇಳಕಲ್ಲಿನ ನೇಕಾರರನ್ನು ಕೇಳಿ, ದಡಿಗೂ ಒಡಲಿಗೂ ಯಾವ ಬಣ್ಣ ಕೂಡಿಸಿದರೆ ಯಾವುದು ಏಳುತ್ತದೆ ಅಂತ ಪುಸ್ತಕವಿಲ್ಲದೆ ಹೇಳುತ್ತಾರೆ. ಇಂಪ್ರೆಷನಿಸ್ಟರು ಇದನ್ನು ಬಯಲಿಗೆ ಒಯ್ದರು. ಬಯಲಿಗೆ ಹೋಗಲಿಕ್ಕೆ 1841ರಲ್ಲಿ ಬಂದ ತಗಡಿನ ಬಣ್ಣದ ಟ್ಯೂಬು, ಜೊತೆಗೆ ರೈಲು ಇವರಿಗೆ ದಾರಿ ಮಾಡಿದವು; ಅದಕ್ಕೆ ಮೊದಲು ಹಂದಿಯ ಮೂತ್ರಕೋಶದ ಚೀಲದಲ್ಲಿ ಬಣ್ಣ ಕಟ್ಟಿ ಇಡುತ್ತಿದ್ದರಂತೆ. ಬಯಲಲ್ಲಿ ನಿಂತು ನೋಡಿದರೆ ನೆರಳು ಕರಿಯಾಗಿರಲಿಲ್ಲ. ನೀಲಿಯಾಗಿತ್ತು, ನೇರಳೆಯಾಗಿತ್ತು, ಹುಲ್ಲಿನ ಮೇಲೆ ಬಿದ್ದರೆ ಹಸಿರಾಗಿತ್ತು. ಮೊನೆ ಮುಂದೆ ಮುಂದೆ ಕರಿ ಬಣ್ಣವನ್ನು ಬಹುಪಾಲು ಬಿಟ್ಟೇಬಿಟ್ಟ.

ಇನ್ನು ಚಲನೆಯ ಮಾತು. ಅದೇ 1874ರ ಪ್ರದರ್ಶನದಲ್ಲಿ ಪ್ಯಾರಿಸಿನ ದೊಡ್ಡ ರಸ್ತೆಯೊಂದರ ಚಿತ್ರವೂ ಇತ್ತು. ಮೇಲಿನ ಮಹಡಿಯಿಂದ ಕಂಡಂತೆ ಕೆಳಗೆ ಜನ ಬರೀ ಕರಿ ಗೀರುಗಳು. ಲರ್ವಾ ಅದನ್ನೂ ನಕ್ಕ, ಇವು ಜನರೇ ಎಂದು ಕೇಳಿದ. ನಮಗೆ ಆ ಗೀರು ತಕ್ಷಣ ತಿಳಿಯಿತು. ಹೋದ ವರ್ಷ ಜಯಂತಿಯ ಮೆರವಣಿಗೆಯಲ್ಲಿ ನಮ್ಮ ಕಾಕಾ ಹಲಗಿ ಬಾರಿಸುವುದನ್ನು ಸಂಜೆ ಬೆಳಕಿನಲ್ಲಿ ಸಾದಾ ಮೊಬೈಲಿನಿಂದ ಹೊಡೆದಿದ್ದೆವು. ಫೋಟೋದಲ್ಲಿ ಮುಖ ಸರಿಯಿದೆ, ಹಲಗಿ ಸರಿಯಿದೆ, ಕೈ ಇರುವಲ್ಲಿ ಒಂದು ಮಂಜು. ಕಾಕಾ ನೋಡಿ, 'ನನ್ನ ಕೈ ಎಲ್ಲಿ ಹೋತೋ?' ಅಂದ. ಆಮೇಲೆ ತಾನೇ, 'ಇಲ್ಲೇ ಐತಿ ಬಿಡು, ಬಾರಿಸಾಕತ್ತೈತಿ' ಅಂದು ನಕ್ಕ. ಪೂರ್ತಿ ಬರೆದರೆ ನಿಂತುಬಿಡುತ್ತದೆ, ಅರ್ಧ ಬಿಟ್ಟರೆ ನಡೆಯುತ್ತದೆ. ಮೊನೆಯ ಗೀರಿನ ಸೂತ್ರ ಇಷ್ಟೇ.

ಈಗ ನಾವು ಹೇಳಬೇಕೆಂದಿರುವ ಚಿತ್ರಕ್ಕೆ ಬರುತ್ತೇವೆ. 1875ರಲ್ಲಿ ಮೊನೆ ಒಂದು ಚಿತ್ರ ಬರೆದ. ಈಗ ಪ್ಯಾರಿಸಿನ ಒರ್ಸೆ ಮ್ಯೂಸಿಯಮ್ಮಿನಲ್ಲಿದೆ, ಎರಡು ಅಡಿ ಅಗಲದ ಸಣ್ಣ ಚಿತ್ರ. ಕಲ್ಲಿದ್ದಲು ಇಳಿಸುವ ಹಮಾಲರದು. ಸೀನ್ ನದಿಯ ದಂಡೆಗೆ ದೊಡ್ಡ ದೋಣಿಗಳು ಹತ್ತಿವೆ. ದೋಣಿಯಿಂದ ದಂಡೆಗೆ ಕಿರಿದಾದ ಹಲಗೆಗಳನ್ನು ಹಾಕಿದ್ದಾರೆ. ಆ ಹಲಗೆಗಳ ಮೇಲೆ ಬುಟ್ಟಿ ಹೊತ್ತ ಗಂಡಸರು ಸಾಲಾಗಿ ಹೋಗುತ್ತಿದ್ದಾರೆ, ಖಾಲಿಯಾದವರು ತಿರುಗಿ ಬರುತ್ತಿದ್ದಾರೆ. ಮೇಲೆ ಸೇತುವೆ. ಸೇತುವೆಯ ಮೇಲೆ ಬೇರೆ ಜನ, ಬೇರೆ ಸಂಚಾರ. ದೂರದಲ್ಲಿ ಕಾರಖಾನೆಗಳ ಚಿಮಣಿ. ಹೂವಿಲ್ಲ, ಛತ್ರಿಯಿಲ್ಲ. ಬೆಳಕೂ ಅಂಥ ಬೆಳಕೇನಲ್ಲ. ಬೂದು, ಮಾಸಿದ ಹಸಿರು, ನೀಲಿ. ಮೊನೆ ಆಗ ಅರ್ಜಾಂತೈ ಎಂಬ ಊರಲ್ಲಿದ್ದ, ಅಲ್ಲಿಂದ ಪ್ಯಾರಿಸಿಗೆ ಹೋಗುವ ರೈಲು ಆನ್ಯೇರಿನಲ್ಲಿ ಇದೇ ನದಿ ದಾಟುತ್ತದೆ. ಕಿಟಕಿಯಿಂದ ದಿನಾ ಕಂಡ ನೋಟವೇ ಇರಬೇಕು.

ಕಾಕಾನ ಕೈಗೆ ಮೊಬೈಲು ಕೊಟ್ಟು ಈ ಚಿತ್ರ ತೋರಿಸಿದೆವು. ಆತ ಹಲಗಿಯ ದಿನಗಳನ್ನು ಬಿಟ್ಟರೆ ಉಳಿದ ಬದುಕನ್ನೆಲ್ಲ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಕಳೆದವನು. ಹತ್ತಿ, ಶೇಂಗಾ, ಮೆಣಸಿನಕಾಯಿ ಚೀಲ ಹೊತ್ತು ಲಾರಿಗೆ ಒರಗಿಸಿದ ಹಲಗೆ ಹತ್ತಿ ಇಳಿದವನು. ಯಾರು ಬರೆದದ್ದು, ಯಾವ ದೇಶ ಎಂದು ಹೇಳಲಿಲ್ಲ. ಬಹಳ ಹೊತ್ತು ನೋಡಿದ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ.

'ಈ ಹಲಗಿ ಹೋಗಾಕ, ಇದು ಬರಾಕ. ಹೌದಿಲ್ಲೋ? ಎದುರಾಬದರಾ ಬಂದ್ರ ನದ್ಯಾಗ ಬೀಳ್ತಾರ. ನೋಡಿಲ್ಲಿ, ತುಂಬಿದ ಬುಟ್ಟಿ ಹೊತ್ತಾವ ನೆಟ್ಟಗ ಹೊಂಟಾನ, ಅತ್ತಾಗ ಇತ್ತಾಗ ನೋಡಂಗಿಲ್ಲ. ಖಾಲಿ ಆದಾವಗ ಮೈ ಸಡ್ಲಾಗೇತಿ. ಒಬ್ಬಂದು ಹೆಜ್ಜಿ ತಪ್ಪಿದ್ರ ಹಿಂದಿನವ್ರು ಎಲ್ಲಾರೂ ನಿಲ್ತಾರ. ಇದು ತಾಳ ತಮ್ಮಾ, ತಾಳ. ಬರೆದಾವ ಹಮಾಲನ ಏನು?'

ಅಲ್ಲ ಎಂದೆವು. ರೈಲಿನಲ್ಲಿ ಹೋಗುತ್ತಿದ್ದವನು.

'ಹಂಗಂದ್ರ ಖರೇ ನೋಡ್ಯಾನ ಬಿಡು,' ಅಂದ ಕಾಕಾ. ಸ್ವಲ್ಪ ತಡೆದು, 'ಬುಟ್ಟಿ ಎಷ್ಟು ಕೇಜಿ ಅಂತ ಗೊತ್ತಿರಾಕಿಲ್ಲ ಅವಗ' ಅಂದ.

ನಾವು ಓದಿದ ಯಾವ ಕಲಾವಿಮರ್ಶೆಯೂ ಈ ಎರಡು ಮಾತನ್ನು ಒಟ್ಟಿಗೆ ಹೇಳಿರಲಿಲ್ಲ. ನೋಡಿದ್ದು ನಿಜ, ತೂಕ ಗೊತ್ತಿಲ್ಲದಿರುವುದೂ ನಿಜ. ಆ ಹಲಗೆಗಳ ಅಂತರ, ಆಳುಗಳ ಅಂತರ, ಒಂದರ ಹಿಂದೊಂದು ಬೀಳುವ ಹೆಜ್ಜೆ, ಇದೆಲ್ಲ ಹಲಗಿಯ ಪೆಟ್ಟಿನಂತೆ ಕಣ್ಣಿಗೆ ಬಡಿಯುತ್ತದೆ. (ನಮ್ಮ ಮಾತಿನಲ್ಲಿ ಹಮಾಲ ಹತ್ತುವುದೂ ಹಲಗಿ, ಬಾರಿಸುವುದೂ ಹಲಗಿ. ಫ್ರೆಂಚರಿಗೆ ಈ ಸೌಲಭ್ಯವಿಲ್ಲ.) ಚಲನೆಯನ್ನು ಮೊನೆ ಒಬ್ಬ ಮನುಷ್ಯನ ಮೈಯಲ್ಲಿ ಇಟ್ಟಿಲ್ಲ, ಸಾಲಿನಲ್ಲಿ ಇಟ್ಟಿದ್ದಾನೆ. ದುಡಿಮೆಯ ಚಲನೆ ಇರುವುದೇ ಹಾಗೆ. ಕುಣಿಯುವವನ ಚಲನೆ ಅವನ ಸ್ವಂತದ್ದು. ಹಮಾಲನ ಚಲನೆ ಅವನ ಸ್ವಂತದ್ದಲ್ಲ, ಮುಂದಿನವನದೂ ಹಿಂದಿನವನದೂ ಮುಕಾದಮನದೂ ಹೌದು.

ಈ ಚಿತ್ರವನ್ನು ಹುಬ್ಬಳ್ಳಿಯಲ್ಲಿ ಗೆಳೆಯರ ಕೂಟವೊಂದರಲ್ಲಿ ತೋರಿಸಿದಾಗ ಜಗಳವೇ ಆಯಿತು. ಒಬ್ಬ ಗೆಳೆಯರು ಎದ್ದು, 'ಇವರಿಗೆ ಮುಖ ಎಲ್ಲಿದೆ? ಇರುವೆ ಸಾಲು ಬರೆದಂತೆ ಬರೆದಿದ್ದಾನೆ. ಶ್ರಮಿಕನ ಮುಖ ಅಳಿಸಿದವನು ನಿಮಗೆ ಹೇಗೆ ಆದರ್ಶ?' ಎಂದರು. ಆದರ್ಶ ಅಂತ ನಾವು ಹೇಳಿರಲಿಲ್ಲ. ಆದರೆ ಪ್ರಶ್ನೆ ಸುಳ್ಳಲ್ಲ. ಮುಖವಿಲ್ಲ, ಹೆಸರಿಲ್ಲ, ಕೂಲಿ ಎಷ್ಟೆಂದು ಇಲ್ಲ. ಮೊನೆ ಇಳಿದು ಅವರ ಹತ್ತಿರ ಹೋಗಲಿಲ್ಲ. ಅದಕ್ಕಿಂತ ದೊಡ್ಡ ದೂರು ನಮ್ಮದಿದೆ: ಇಂಥ ಚಿತ್ರವನ್ನು ಆತ ಮತ್ತೆ ಬರೆಯಲಿಲ್ಲವೆಂದೇ ಹೇಳಬಹುದು. ಒಮ್ಮೆ ಕಂಡ, ಬರೆದ, ರೈಲು ಮುಂದೆ ಹೋಯಿತು.

ಮುಂದೆ ಆತ ಬರೆದದ್ದು ಬಣವೆಗಳನ್ನು. 1890-91ರಲ್ಲಿ, ಜಿವರ್ನಿ ಎಂಬ ಹಳ್ಳಿಯಲ್ಲಿ ತನ್ನ ಮನೆಯ ಹತ್ತಿರದ ಹೊಲದ ಗೋದಿ ಬಣವೆಗಳು. ಮುಂಜಾನೆ, ಮಧ್ಯಾಹ್ನ, ಇಳಿಹೊತ್ತು, ಹಿಮ ಬಿದ್ದಾಗ, ಕರಗಿದಾಗ. ಬೆಳಕು ಬದಲಾದಂತೆ ಕ್ಯಾನ್ವಾಸು ಬದಲಿಸಿ ಬರೆಯುತ್ತ ಹೋದ. 1891ರ ಮೇ ತಿಂಗಳಲ್ಲಿ ಹದಿನೈದನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟ. ಅದೇ ಮಾಲೆಯ ಒಂದು ಚಿತ್ರ 2019ರಲ್ಲಿ ಹರಾಜಿನಲ್ಲಿ ಹನ್ನೊಂದು ಕೋಟಿ ಡಾಲರಿಗೆ ಹೋಯಿತು. ನಾವು ಮೆಚ್ಚುತ್ತೇವೆ, ಸುಳ್ಳು ಯಾಕೆ ಹೇಳಬೇಕು, ಆ ಬಣವೆಯ ನೆರಳಿನ ನೇರಳೆಯನ್ನು ನಾವು ನಮ್ಮೂರ ಕಂಕಿ ಬಣವೆಯ ಮಗ್ಗುಲಲ್ಲಿ ಕಣ್ಣಾರೆ ಕಂಡಿದ್ದೇವೆ, ಈ ಚಿತ್ರ ನೋಡುವವರೆಗೆ ಕಂಡಿದ್ದೇವೆಂದು ಗೊತ್ತಿರಲಿಲ್ಲ. ಆದರೆ ಒಟ್ಟಿದವರು ಎಲ್ಲಿ ಹೋದರು? ಬಣವೆ ತಾನಾಗಿ ಏಳುವುದಿಲ್ಲ. ಕೆಳಗಿನಿಂದ ಸೂಡು ಎಸೆಯುವವನು ಬೇಕು, ಮೇಲೆ ನಿಂತು ಹಿಡಿದು ತುಳಿಯುವವನು ಬೇಕು. ನಮ್ಮ ಅಜ್ಜ ಊರಿನ ಅರ್ಧ ಬಣವೆಗಳನ್ನು ಒಟ್ಟಿದವನು. ಆತನದೇ ಅಂತ ಒಂದು ಬಣವೆ ಇರಲಿಲ್ಲ. ನಮ್ಮ ಆಯಿ ಕೊಯ್ದು ಬಿಟ್ಟ ಹೊಲದಲ್ಲಿ ಹಕ್ಕಲು ಆಯುತ್ತಿದ್ದಳು.

ಹಕ್ಕಲು ಆಯುವವರನ್ನು ಬರೆದವನು ಅದೇ ಗುಂಪಿನ ಪಿಸ್ಸಾರೊ. 1874ರಿಂದ 1886ರವರೆಗಿನ ಎಂಟೂ ಪ್ರದರ್ಶನಗಳಲ್ಲಿ ಪಾಲ್ಗೊಂಡ ಒಬ್ಬನೇ ಒಬ್ಬ. ಸರಕಾರ, ಶ್ರೀಮಂತಿಕೆ ಎರಡನ್ನೂ ಧಿಕ್ಕರಿಸಿದ ಅರಾಜಕತಾವಾದಿ. ಆತನ ಚಿತ್ರಗಳಲ್ಲಿ ಬಿಸಿಲು ಬಗ್ಗಿದ ಬೆನ್ನಿನ ಮೇಲೆ ಬೀಳುತ್ತದೆ. ಆತನ ಬಗ್ಗೆ ಬೇರೆಯಾಗಿ ಬರೆಯಬೇಕು, ಇಲ್ಲಿ ಜಾಗವಿಲ್ಲ.

ಬೆಳಕಿಗೆ ಬೆಲೆ ಇದೆ ಎಂಬುದಕ್ಕೆ ಒಂದು ಕಥೆ ಹೇಳಿ ಮುಂದೆ ಹೋಗುತ್ತೇವೆ. 1891ರಲ್ಲಿ ಮೊನೆ ನದಿ ದಂಡೆಯ ಪಾಪ್ಲರ್ ಮರಗಳನ್ನು ಬರೆಯುತ್ತಿದ್ದ. ಅವು ಪಕ್ಕದ ಊರಿನ ಪಂಚಾಯಿತಿಯ ಮರಗಳು, ಹರಾಜಿಗೆ ಬಂದವು. ಆತ ಕಟ್ಟಿಗೆ ವ್ಯಾಪಾರಿಯೊಬ್ಬನ ಜೊತೆ ಮಾತಾಡಿಕೊಂಡು, ಹೆಚ್ಚಿನ ಹಣ ತಾನು ಕೊಟ್ಟು, ಚಿತ್ರ ಮುಗಿಯುವ ತನಕ ಕಡಿಯದಂತೆ ಮಾಡಿಕೊಂಡ. ಒಂದು ಬೆಳಕು ಒಂದು ಎಲೆಯ ಮೇಲೆ ಏಳೇ ನಿಮಿಷ ನಿಲ್ಲುತ್ತಿತ್ತು, ಅಷ್ಟರಲ್ಲಿ ಬರೆಯಬೇಕಿತ್ತು ಎಂದು ಆತನ ನೆರೆಮನೆಯಲ್ಲಿದ್ದ ಅಮೆರಿಕದ ಚಿತ್ರಗಾರ್ತಿ ಲಿಲ್ಲಾ ಕ್ಯಾಬಟ್ ಪೆರ್ರಿ ಬರೆದಿಟ್ಟಿದ್ದಾರೆ. ಏಳು ನಿಮಿಷದ ಬೆಳಕನ್ನು ದುಡ್ಡು ಕೊಟ್ಟು ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ನಮ್ಮಲ್ಲಿ ಬಿಸಿಲನ್ನು ಪುಗಸಟ್ಟೆ ಕೊಡುತ್ತಾರೆ, ನೆರಳಿಗೆ ದುಡ್ಡು ಕೇಳುತ್ತಾರೆ.

ಕನ್ನಡ ನಾಡಿನಲ್ಲಿ ಈ ದಾರಿಗೆ ಹತ್ತಿರ ಬಂದವರೆಂದರೆ ರುಮಾಲೆ ಚನ್ನಬಸವಯ್ಯನವರು (1910-1988). ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು, ಪತ್ರಿಕೆ ರಾಜಕಾರಣ ಎಲ್ಲ ಮಾಡಿ ಬಿಟ್ಟು ಮತ್ತೆ ಕುಂಚ ಹಿಡಿದವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಯಲಲ್ಲೇ ನಿಂತು ಬರೆದರು. ಬಣ್ಣ ಉರಿಯುತ್ತದೆ, ಗಾಳಿ ಆಡುತ್ತದೆ, ನಿಜ. ಆ ಚಿತ್ರಗಳ ನಾಯಕರು ಮರಗಳು. ಆ ಮರಗಳ ಕೆಳಗೆ ಮುಂಜಾನೆ ಬಿದ್ದ ಹೂವನ್ನು ಗುಡಿಸುವ ಪೌರಕಾರ್ಮಿಕ ಹೆಣ್ಣುಮಕ್ಕಳ ಕಸಬರಿಗೆ ಎಂಥ ಗೀರು ಎಳೆದೀತು ಎಂದು ನಾವು ಯೋಚಿಸುತ್ತೇವೆ. ಅದನ್ನು ಅವರು ಬರೆಯಬೇಕಿತ್ತು ಎಂದು ಗದರಿಸುವ ಹಕ್ಕು ನಮಗಿಲ್ಲ. ಬರೆಯಬೇಕಾದವರು ಬೇರೆ ಇದ್ದಾರೆ.

ಗೆಳೆಯರೇ, ಇಷ್ಟೆಲ್ಲ ಹೇಳಿದ್ದು ಫ್ರಾನ್ಸಿನ ಮೇಲಿನ ಪ್ರೀತಿಯಿಂದಲ್ಲ. ಬೇನೆ ನಮ್ಮ ಪದ್ಯಗಳಲ್ಲೇ ಇದೆ. ನಮ್ಮ ಬಂಡಾಯದ ಪದ್ಯಗಳನ್ನು ಸಾಲಾಗಿ ಇಟ್ಟು ನೋಡಿ, ನಮ್ಮವನ್ನೂ ಸೇರಿಸಿ. ಕೇರಿ ಅಂದರೆ ಕತ್ತಲು. ಗುಡಿಸಲು ಅಂದರೆ ಕತ್ತಲು. ಅವ್ವನ ಹೊಟ್ಟೆ, ಅಪ್ಪನ ಬೆನ್ನು, ಎಲ್ಲ ಕತ್ತಲು. ಕೊನೆಯ ಸಾಲಿಗೆ ಒಬ್ಬ ಸೂರ್ಯ ಹುಟ್ಟಿಬಿಡುತ್ತಾನೆ, ಚಪ್ಪಾಳೆ. ನಾವೂ ಹೀಗೆ ಇಪ್ಪತ್ತು ಪದ್ಯ ಬರೆದೆವು. ಮೊದಲನೆಯದು ಅಚ್ಚಾದಾಗ ಅವ್ವನಿಗೆ ಓದಿ ಹೇಳಿದೆವು. ನಮ್ಮ ಗುಡಿಸಲು ಕತ್ತಲಿನ ಗವಿ ಎಂಬಂಥ ಒಂದು ಸಾಲು ಅದರಲ್ಲಿತ್ತು. ಆಕೆಗೆ ಸಿಟ್ಟು ಬಂತು.

'ನಮ್ಮನಿ ಯಾವಾಗ ಕತ್ತಲಿತ್ತೋ? ಮುಂಜಾನಿ ಬಿಸಲು ನೆಟ್ಟಗ ಒಲಿ ತನಕ ಬರ್ತಿತ್ತು. ಮಣ್ಣಿನ ಗ್ವಾಡಿ ಬಂಗಾರ ಆಕ್ಕಿತ್ತು. ನೀ ಅಲ್ಲೇ ಕುಂತು ಓದಾಂವ ಇದ್ದಿ. ಯಾರ ಮನಿ ಬರದೀ ಇದು?'

ಯಾರ ಮನೆ ಬರೆದಿದ್ದೆವು? ನಮ್ಮ ಕೇರಿಗೆ ಕಾಲಿಡದವರು ದೂರದಿಂದ ಕಂಡ ಮನೆಯನ್ನು. ಅವರ ಕಣ್ಣಿಗೆ ಅದು ಕತ್ತಲು. ಅವರು ಕೊಟ್ಟ ಕತ್ತಲನ್ನು ನಾವು ಕ್ರಾಂತಿ ಅಂದುಕೊಂಡು ಪದ್ಯದಲ್ಲಿ ಮೆತ್ತಿದ್ದೆವು. ಹಳದನಕರರನ್ನು ದೂರಿದ ನಾವು ಮಾಡಿದ್ದೂ ಅದನ್ನೇ: ಒಂದು ದೀಪ ಕಾಣಲಿ ಎಂದು ಇಡೀ ಕೇರಿಗೆ ಕಪ್ಪು ಬಳಿದೆವು. ಅಲ್ಲಿ ದೀಪ ಹಿಡಿದವಳು ಆ ಹೆಣ್ಣುಮಗಳು, ಇಲ್ಲಿ ಕವಿ. ಶೋಷಣೆ ಇರಲಿಲ್ಲ ಅಂತ ಅವ್ವ ಹೇಳುತ್ತಿಲ್ಲ. ಊರ ಬಾವಿಯ ಮಾತು, ಹೋಟೆಲ್ಲಿನ ಬೇರೆ ಬಸಿಯ ಮಾತು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಅವಮಾನಗಳು ನಡೆದದ್ದು ಕತ್ತಲಲ್ಲಲ್ಲ, ಹಾಡಹಗಲು, ಫಳಫಳ ಬಿಸಿಲಲ್ಲಿ, ಎಲ್ಲರೂ ನೋಡುತ್ತಿರುವಾಗ. ಅದನ್ನು ಕತ್ತಲು ಅಂತ ಕರೆದರೆ ಮಾಡಿದವನು ಕಾಣದೆ ಹೋಗುತ್ತಾನೆ. ಕಲ್ಲಿದ್ದಲಿನ ಚಿತ್ರ ನಮಗೆ ಬೇಕಾಗಿರುವುದು ಇದಕ್ಕೆ. ಅದರಲ್ಲಿ ಒಂದೇ ಬೆಳಕು ಎಲ್ಲರ ಮೇಲೆ ಬಿದ್ದಿದೆ, ಸೇತುವೆಯ ಮೇಲಿನವರ ಮೇಲೂ ಹಲಗೆಯ ಮೇಲಿನವರ ಮೇಲೂ. ಮೇಲಿನವರು ಕೆಳಗೆ ನೋಡುತ್ತಿಲ್ಲ. ಕತ್ತಲು ಇತ್ತು, ಕಾಣಲಿಲ್ಲ ಅನ್ನುವ ನೆಪ ಅವರಿಗಿಲ್ಲ.

ನಮ್ಮ ಕೇರಿಯ ಸಮುದಾಯ ಭವನದ ಗೋಡೆಗೆ ಈ ಸಲ ಚಿತ್ರ ಬರೆಸಬೇಕೆಂದು ಹುಡುಗರು ಪಟ್ಟಿ ಎತ್ತಿದ್ದಾರೆ. ಬಾಬಾಸಾಹೇಬರು ನಡುವೆ, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಏನಿರಬೇಕೆಂದು ಮೂರು ಸಂಜೆ ವಾದವಾಯಿತು. ಹುಟ್ಟುವ ಸೂರ್ಯ ಇರಲಿ ಎಂದು ಅರ್ಧ ಮಂದಿ. ಹಮಾಲರ ಸಾಲು ಇರಲಿ ಎಂದು ಕಾಕಾ. ಮೆಣಸಿನಕಾಯಿ ಕಣ ಇರಲಿ ಎಂದು ಹೆಣ್ಣುಮಕ್ಕಳು. ಯಾಕೆಂದು ಕೇಳಿದ್ದಕ್ಕೆ, ಸುಗ್ಗಿಯಲ್ಲಿ ಭವನದ ಮುಂದೆ ಕಾಯಿ ಒಣಹಾಕಿದಾಗ ಆ ಬಿಳಿ ಗೋಡೆಯೇ ಕೆಂಪಗಾಗುತ್ತದೆ, ನೀವು ಗಂಡಸರು ಯಾರೂ ನೋಡಿಲ್ಲೇನು ಎಂದು ಮರುಪ್ರಶ್ನೆ ಬಂತು. ನಾವು ನೋಡಿರಲಿಲ್ಲ. ಮರುದಿನ ಹೋಗಿ ನೋಡಿದೆವು, ನಿಜ. ಗೋಡೆಯ ಕೆಳಗಿನ ಮೂರು ಅಡಿ ಗುಲಾಬಿ, ಬಾಗಿಲ ನೆರಳು ನೇರಳೆ. ಕಾಯಿ ಹರವುತ್ತಿದ್ದ ಹೆಣ್ಣುಮಕ್ಕಳ ಗದ್ದದ ಕೆಳಗೂ ಅದೇ ಕೆಂಪು, ಅಡಿಯಿಂದ ಮೇಲೆ ಬರುವ ಬೆಳಕು. ಕೈಯಲ್ಲಿ ದೀಪವಿರಲಿಲ್ಲ, ಕೈ ನಿಂತಿರಲೂ ಇಲ್ಲ.

ಕೊನೆಗೆ ಕಣವೇ ಗೆದ್ದಿತು. ಹಮಾಲರು ಒಂದು ಮೂಲೆಯಲ್ಲಿ ಬರುತ್ತಾರೆ. ಕುಂದಗೋಳದ ಬೋರ್ಡು ಬರೆಯುವ ಪೇಂಟರಿಗೆ ಹೇಳಿದ್ದೇವೆ, ಅಮಾವಾಸ್ಯೆ ಕಳೆದು ಬರುತ್ತಾರೆ. ಬಣ್ಣದ ಯಾದಿ ಬರೆದುಕೊಡುವಾಗ ನಾವು ದೊಡ್ಡಸ್ತಿಕೆಯಿಂದ, 'ಕರಿ ಬಣ್ಣದ ಡಬ್ಬಿ ಮಾತ್ರ ತರಬ್ಯಾಡ್ರಿ, ನೆರಳಿಗೆ ನೀಲಿ ಹಚ್ಚೋಣು' ಅಂದೆವು. ಪೇಂಟರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನಮ್ಮನ್ನೇ ನೋಡಿದರು.

'ಆತ್ರಿ ಸರ. ಕೆಳಗ ಹೆಸರು, ಇಸವಿ ಯಾತ್ರಾಗ ಬರೀಲಿ?'

ಯಾದಿಯಲ್ಲಿ ಒಂದು ಸಣ್ಣ ಡಬ್ಬಿ ಸೇರಿಸಿದೆವು.